ಮೋಟರ್ ರೂಮಿನ ಮೋಹನ

ಒಗೆಯುವ ಮೊದಲು ಅಂಗಿಯ ಜೇಬು ತಡಕುವುದು ನನ್ನ ಹೆಂಡತಿ ವಸಂತಾಳ ಹಳೆಯ ಅಭ್ಯಾಸ. ಮದುವೆಯಾದ ಹೊಸತರಲ್ಲಿ ಅದಕ್ಕೆ ಬೇರೆ ಉದ್ದೇಶವಿತ್ತೆಂದು ನನ್ನ ಗುಮಾನಿ. ಈಗ ಸಿಗುವುದು ಬಸ್ ಟಿಕೆಟ್ಟು, ನೆಗಡಿ ಮಾತ್ರೆಯ ಖಾಲಿ ಹಾಳೆ, ಅಷ್ಟೇ. ಮೊನ್ನೆ ಮಾತ್ರ ಚಪ್ಪಟೆಯಾದ ಬೆತ್ತದ ಚೂರೊಂದು ಸಿಕ್ಕಿತು. ಅದನ್ನು ಎರಡು ಬೆರಳಲ್ಲಿ ಹಿಡಿದು ಬಚ್ಚಲಿನಿಂದಲೇ ಕೂಗಿದಳು.

“ಏನ್ರೀ ಇದು? ಶುಗರ್ ಇಟ್ಕೊಂಡು ಐಸ್‌ಕ್ರೀಮ್ ಬೇರೆ ತಿಂತೀರಾ? ಕಡ್ಡೀನೂ ಜೇಬಲ್ಲಿ ಇಟ್ಕೊಂಡ್ ಬಂದಿದೀರಲ್ಲ!”

“ಅದು ರೀಡು ಕಣೇ! ನೀರಿಗೆ ಹಾಕ್ಬಿಟ್ಟೀಯಾ!” ಎಂದು ನಾನು ಪೇಪರ್ ಎಸೆದು ಓಡಿದೆ.

ರೀಡು ಎಂದರೆ ಸ್ಯಾಕ್ಸೊಫೋನಿನ ಬಾಯಿಗೆ ಕಟ್ಟುವ ತೆಳುವಾದ ಪಟ್ಟಿ. ಊದಿದಾಗ ನಡುಗುವುದು ಅದು; ಉಳಿದ ಹಿತ್ತಾಳೆಯೆಲ್ಲ ಆ ನಡುಕವನ್ನು ದೊಡ್ಡದು ಮಾಡಿ ಹೇಳುವ ಚಾಡಿಕೋರ. ಮದುವೆಮನೆಯಲ್ಲಿ ನೀವು ನೋಡುವ ಸ್ಯಾಕ್ಸೊಫೋನಿನ ರೀಡು ಕಿರುಬೆರಳಿನಷ್ಟು ಅಗಲ ಇರುತ್ತದೆ. ನನ್ನದು ಹೆಬ್ಬೆರಳಿಗಿಂತ ಅಗಲ. ಇನ್ನು ವಾದ್ಯ ಎಷ್ಟಿರಬಹುದೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಸ್ಯಾಕ್ಸೊಫೋನನ್ನು ನಮ್ಮ ಕಡೆಯವರಿಗೆ ಪರಿಚಯ ಮಾಡಿಸಬೇಕಾಗಿಲ್ಲ. ಛತ್ರದಲ್ಲಿ ನಾದಸ್ವರದವರು ಕೂರುತ್ತಿದ್ದ ಜಾಗದಲ್ಲಿ ಈಗ ಎಷ್ಟೋ ಕಡೆ ಅದೇ ಕೂತಿರುತ್ತದೆ. ಆದರೆ ಅದು ಆಲ್ಟೊ. ದೊಡ್ಡ ಕುಟುಂಬವೊಂದರಲ್ಲಿ ಮದುವೆ ಮುಂಜಿಗೆಲ್ಲ ಹೋಗಿಬರುವ, ನಾಲ್ಕು ಜನರ ಜೊತೆ ನಗುನಗುತ್ತ ಮಾತಾಡುವ ಒಬ್ಬ ಇರುತ್ತಾನಲ್ಲ, ಹಾಗೆ. ಮನೆಯೊಳಗೆ ಇನ್ನೂ ಜನ ಇದ್ದಾರೆ. ಸೊಪ್ರಾನಿನೊ ಅಂತ ಒಂದು ಕೂಸು ಇದೆ, ಸದಾ ಕೀರಲು. ಸೊಪ್ರಾನೊ ಸಾಮಾನ್ಯವಾಗಿ ನೆಟ್ಟಗೆ ನಿಲ್ಲುವುದರಿಂದ ಕಂಡವರೆಲ್ಲ ‘ಓ, ಕ್ಲಾರಿನೆಟ್ಟಾ?’ ಎನ್ನುತ್ತಾರೆ, ಪಾಪ, ಅದು ತಿದ್ದಲು ಹೋಗುವುದಿಲ್ಲ. ಸಿ-ಮೆಲಡಿ ಅಂತ ಒಂದಿದೆ, ಆಲ್ಟೊಗಿಂತ ದೊಡ್ಡದು, ಟೆನರ್ ಎಂಬ ಅಣ್ಣನಿಗಿಂತ ಚಿಕ್ಕದು. ಮನೆಯಲ್ಲಿ ಪಿಯಾನೊ ಪಕ್ಕ ಕೂತು ನುಡಿಸಲೆಂದು ಒಂದು ಕಾಲದಲ್ಲಿ ಹೊರದೇಶದವರು ರಾಶಿ ರಾಶಿ ಮಾಡಿದರಂತೆ, ಆಮೇಲೆ ಯಾರಿಗೂ ಬೇಡವಾಯಿತಂತೆ. ಅದರ ದನಿಯನ್ನು ರೆಕಾರ್ಡಿಂಗಿನಲ್ಲಿ ಕೇಳಿದ್ದೇನೆ. ನೆಗಡಿಯಾದ ಚಿಕ್ಕಮ್ಮ ಲಾಲಿ ಹಾಡಿದ ಹಾಗಿರುತ್ತದೆ, ಬಲು ಹಿತ. ಇನ್ನು ಬಾಸ್ ಎಂಬ ಅಜ್ಜನಂತೂ ಎದ್ದು ನಿಂತರೆ ನನ್ನ ಎದೆಗೆ ಬರುತ್ತಾನೆ. ಅವನನ್ನು ನಾನು ಮೊಬೈಲಿನಲ್ಲಿ ನೋಡಿ ಕೈಮುಗಿದದ್ದಷ್ಟೇ.

ನನ್ನದು ಬ್ಯಾರಿಟೋನ್. ಆಲ್ಟೊವಿನ ದೊಡ್ಡಪ್ಪ ಎನ್ನಿ. ಬೆರಳಿಡುವ ಕ್ರಮವೆಲ್ಲ ಒಂದೇ, ದನಿ ಮಾತ್ರ ಒಂದು ಸ್ಥಾಯಿ ಕೆಳಗೆ. ಕೊರಳಿಗೆ ಹಾಕಿಕೊಂಡರೆ ಮಂಡಿಯ ಹತ್ತಿರ ಬರುತ್ತದೆ. ಅದರ ಕೆಳಗಿನ ಒಂದು ಸ್ವರ ಹೊರಡಿಸುವ ಉಸಿರಿನಲ್ಲಿ ಹುಟ್ಟುಹಬ್ಬದ ಬಲೂನುಗಳನ್ನೆಲ್ಲ ಊದಿ ಮುಗಿಸಬಹುದು.

ಇದರ ಹುಚ್ಚು ಎಲ್ಲಿಂದ ಬಂತೆಂದು ವಸಂತಾ ಆಗಾಗ ಕೇಳುತ್ತಾಳೆ. ಹಿಟ್ಟಿನ ಗಿರಣಿಯಿಂದ ಎಂದರೆ ನಂಬುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಶ್ರೀನಗರದಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಗಿರಣಿ ಇತ್ತು. ಬೇರೆ ಮನೆಯ ಹುಡುಗರನ್ನು ರಾಗಿ ಡಬ್ಬ ಹೊರಿಸಿ ಕಳಿಸಬೇಕಾದರೆ ಅವರ ತಾಯಂದಿರು ಗಂಟಲು ಹರಿದುಕೊಳ್ಳಬೇಕಿತ್ತು. ನಾನು ಮಾತ್ರ ಕೇಳುವ ಮೊದಲೇ ಹೊರಡುತ್ತಿದ್ದೆ. ಗಿರಣಿಯ ಗೋಡೆಗೆ ಬೆನ್ನು ಒತ್ತಿ ನಿಂತರೆ ಆ ಗುಂಯ್ ಶಬ್ದ ಬೆನ್ನುಮೂಳೆಯಿಂದ ಹತ್ತಿ ಹಲ್ಲಿಗೆ ಬರುತ್ತಿತ್ತು. ಬಾಯಿ ಸ್ವಲ್ಪ ತೆರೆದರೆ ಒಂದು ಸ್ವರ, ಮುಚ್ಚಿದರೆ ಇನ್ನೊಂದು. ನಮ್ಮಮ್ಮ ‘ನಮ್ ಹುಡುಗ ಎಷ್ಟು ಜವಾಬ್ದಾರಿ ನೋಡಿ’ ಎಂದು ಅಕ್ಕಪಕ್ಕದವರ ಹತ್ತಿರ ಹೊಗಳಿಕೊಳ್ಳುತ್ತಿದ್ದಳು. ನಾನು ಸುಮ್ಮನೆ ಹೊಗಳಿಸಿಕೊಂಡೆ. ಎಲ್ಲರೂ ಕೊಳಲು, ಪಿಟೀಲು ಅಂತ ಮೇಲೆ ನೋಡುವಾಗ ನನ್ನ ಕಿವಿ ಅಂದಿನಿಂದಲೂ ಕೆಳಗೇ.

ಹಲ್ಲಿನ ಮಾತು ಬಂದಿದ್ದರಿಂದ ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ನಾನು ಹಲ್ಲಿನ ಸೆಟ್ಟು ಕಟ್ಟುತ್ತೇನೆ. ಡಾಕ್ಟರಲ್ಲ, ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ನಾನು ಹಲ್ಲು ಜೋಡಿಸಿ ಕಳಿಸುತ್ತೇನೆ. ದಕ್ಷಿಣ ಬೆಂಗಳೂರಿನ ಎಷ್ಟೋ ನಗುಗಳು ನನ್ನವೇ. ಆದರೆ ಅದನ್ನು ಸಾರ್ವಜನಿಕವಾಗಿ ಹೇಳಿಕೊಳ್ಳುವ ಹಾಗಿಲ್ಲ.

ಐವತ್ತು ದಾಟಿದ ಮೇಲೆ ಶ್ರೀನಗರದ ಮುನಿರಾಜು ಮಾಸ್ಟರ್ ಹತ್ತಿರ ಆಲ್ಟೊ ಕಲಿಯಲು ಸೇರಿದೆ. ಅವರು ಮದುವೆಗಳಲ್ಲಿ ನುಡಿಸುವವರು. ಎರಡು ವರ್ಷ ಕಲಿತೆ. ಚೆನ್ನಾಗಿ ನುಡಿಸಿದೆ ಎಂದು ಅವರೂ ಹೇಳಲಿಲ್ಲ, ನನಗೂ ಅನಿಸಲಿಲ್ಲ. ಒಂದು ದಿನ ಅವರ ಅಟ್ಟದಿಂದ ಶಾಮಿಯಾನದ ಬಟ್ಟೆ ಇಳಿಸುವಾಗ ಹಿಂದಿನಿಂದ ದೊಡ್ಡದೊಂದು ಪೆಟ್ಟಿಗೆ ಕಂಡಿತು. ಅವರ ಮಾವನ ಬ್ಯಾಂಡ್ ಸೆಟ್ಟಿನ ಕಾಲದ ಬ್ಯಾರಿಟೋನು.

“ಅದನ್ ಬಿಡಿ ಸಾರ್,” ಎಂದರು ಮಾಸ್ಟರ್. “ಅದನ್ನ ಮದುವೇಲಿ ನುಡಿಸಿದ್ರೆ ಹುಡ್ಗಿ ಕಡೆಯೋರು ಹೆದರ್ಕೋತಾರೆ.”

ನಾನು ತೆಗೆದು ಒಂದು ಸಲ ಊದಿದೆ. ಅಟ್ಟದ ಮೇಲಿನ ಸ್ಟೀಲ್ ಪಾತ್ರೆಗಳು ಕಿಣಿಕಿಣಿ ಎಂದವು. ಶಬ್ದ ಬೆನ್ನು ಹತ್ತಿ ಹಲ್ಲಿಗೆ ಬಂತು. ಅಷ್ಟೇ, ನಾನು ಕೆಟ್ಟೆ! “ಮಾಸ್ಟ್ರೇ, ಇದನ್ನ ನಾನ್ ತಗೊಂಡ್ ಹೋಗ್ತೀನಿ,” ಎಂದೆ. “ಬೇಡ ಅನ್ನಿಸಿದ ದಿನ ವಾಪಸ್ ತನ್ನಿ ಸಾರ್, ಬೇಜಾರಿಲ್ಲ,” ಎಂದರು ಆ ಪುಣ್ಯಾತ್ಮ. ಮನೆಗೆ ತರುವಾಗ ಆಟೊದವನು ಮೂರು ಸಿಗ್ನಲ್ ತಾಳಿಕೊಂಡು ನಾಲ್ಕನೆಯದರಲ್ಲಿ ಕೇಳಿಯೇಬಿಟ್ಟ: “ಗೀಸರ್ರಾ ಅಣ್ಣ?”

ವಾದ್ಯದ ತೂತುಗಳನ್ನು ಮುಚ್ಚುವ ಪ್ಯಾಡುಗಳಲ್ಲಿ ಗಾಳಿ ಸೋರುತ್ತಿತ್ತು. ಹಲ್ಲಿನ ಕೆಲಸಕ್ಕೆ ಬಳಸುವ ಮೇಣ, ಸಣ್ಣ ದೀಪ, ಸಣ್ಣ ಚಮಚ ಎಲ್ಲ ನನ್ನಲ್ಲಿದ್ದವು. ಒಂದು ತಿಂಗಳು ಕೂತು ಎಲ್ಲ ತೂತುಗಳನ್ನೂ ಸರಿಮಾಡಿದೆ. ಆಮೇಲೆ ಬಂದದ್ದು ನಿಜವಾದ ಸಮಸ್ಯೆ. ನುಡಿಸುವುದು ಎಲ್ಲಿ?

ನಾವಿರುವುದು ಜೆ.ಪಿ. ನಗರದ ಅಂಚಿಗೆ, ಜರಗನಹಳ್ಳಿಗೆ ಅಂಟಿಕೊಂಡ ಹದಿನಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಒಬ್ಬರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಇನ್ನೊಬ್ಬರು ಹೇಳಬಲ್ಲರು. ಮನೆಯಲ್ಲಿ ನುಡಿಸಿದ ಮೊದಲ ದಿನವೇ ವಸಂತಾ ಕಿವಿಗೆ ಹತ್ತಿ ಇಟ್ಟುಕೊಂಡು ಬಂದು, “ರೀ, ಶೋಕೇಸಲ್ಲಿರೋ ಗೊಂಬೆಗಳು ಪಕ್ಕಕ್ಕೆ ನಡೀತಿವೆ,” ಎಂದಳು. ನಾನು ನಂಬಲಿಲ್ಲ. ಹೋಗಿ ನೋಡಿದರೆ ಒಂದು ಗೊಂಬೆ ನಿಜಕ್ಕೂ ಅಂಚಿಗೆ ಬಂದಿತ್ತು.

ಆಗ ಹೊಳೆದದ್ದೇ ಮೋಟರ್ ರೂಮು. ಕೆಳಗೆ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ, ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸುವ ಮೋಟರ್ ಇದೆ. ದಿನಾ ಬೆಳಿಗ್ಗೆ ಆರಕ್ಕೆ ಹಾಕುತ್ತಾರೆ, ಮುಕ್ಕಾಲು ಗಂಟೆ ಓಡುತ್ತದೆ. ಆ ಸದ್ದಿನೊಳಗೆ ನನ್ನ ಸದ್ದು ಸೇರಿಸಿಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಮರುದಿನವೇ ವಾಕಿಂಗ್ ಬಟ್ಟೆಯಲ್ಲಿ ಪೆಟ್ಟಿಗೆ ಹೊತ್ತು ಇಳಿದೆ. ಅಲ್ಲಿ ನನಗೆ ಸಿಕ್ಕಿದ್ದು ಮರೆ ಮಾತ್ರವಲ್ಲ. ಮೋಟರ್, ಹಾರ್ಮೋನಿಯಂನವರು ಐದು ಮನೆ ಎನ್ನುತ್ತಾರಲ್ಲ, ಆ ಶ್ರುತಿಯಲ್ಲಿ ಹಾಡುತ್ತಿತ್ತು! ಕೂದಲೆಳೆಯಷ್ಟು ಆಚೀಚೆ ಇಲ್ಲ. ತಂಬೂರಿಯಾದರೂ ಬಿಸಿಲಿಗೆ ಇಳಿಯುತ್ತದೆ, ಇದು ಇಳಿಯುತ್ತಿರಲಿಲ್ಲ. ಅದನ್ನು ಷಡ್ಜ ಮಾಡಿಕೊಂಡು ಮೋಹನ ರಾಗ ಹಿಡಿದೆ. ಐದೇ ಸ್ವರ, ನನ್ನಂಥ ದಡ್ಡನಿಗೂ ಕೈಗೆ ಸಿಗುವಂಥದ್ದು. ಆರು ತಿಂಗಳು ನಾನೂ ಮೋಟರೂ ದಿನಾ ಬೆಳಿಗ್ಗೆ ಮೋಹನ ನುಡಿಸಿದೆವು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾದ ಆರು ತಿಂಗಳು ಇನ್ನೊಂದಿಲ್ಲ, ವಸಂತಾ ಓದಿದರೂ ಚಿಂತೆಯಿಲ್ಲ.

ಅಷ್ಟರಲ್ಲಿ ಹಳೆಯ ವಾಚ್‌ಮನ್ ಬಿಟ್ಟು ಹೋಗಿ ಬಸಪ್ಪ ಬಂದ. ಬಾಗಲಕೋಟೆ ಕಡೆಯವನು, ನಲವತ್ತರ ಆಸುಪಾಸು, ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುವವನು. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ನರಸಿಂಹಮೂರ್ತಿಯವರು ಅವನಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು: ಸಂಪು ಖಾಲಿಯಾದರೆ ಮೋಟರಿನ ಸದ್ದು ದಪ್ಪಗಾಗುತ್ತದೆ, ಒಂದು ನಿಮಿಷ ಬಿಟ್ಟರೂ ಕಾಯಿಲ್ ಸುಟ್ಟುಹೋಗುತ್ತದೆ, ಸದ್ದು ಬದಲಾದ ಕೂಡಲೇ ಸ್ವಿಚ್ ಆರಿಸು. ಸ್ವಿಚ್ಚು ಇರುವುದು ಗೇಟಿನ ಹತ್ತಿರ. ನಾನಿರುವುದು ಒಳಮೂಲೆಯಲ್ಲಿ, ಕದ ಹಾಕಿಕೊಂಡು.

ಬಸಪ್ಪ ಬಂದ ಮೊದಲ ದಿನ ಆರು ಹತ್ತಕ್ಕೆ ನಾನು ಮಂದ್ರದ ಪಂಚಮಕ್ಕೆ ಇಳಿದೆ. ಮೋಟರ್ ಟಕ್ಕನೆ ನಿಂತಿತು. ಟ್ಯಾಂಕ್ ತುಂಬಿತು ಅಂದುಕೊಂಡು, ಕಳ್ಳನ ಹಾಗೆ ನಾನೂ ನಿಲ್ಲಿಸಿ ಮೇಲೆ ಬಂದೆ. ಎಂಟು ಗಂಟೆಗೆ ಇಡೀ ಕಟ್ಟಡದ ನಲ್ಲಿಗಳಲ್ಲಿ ನೀರು ನಿಂತಿತು. ಎರಡನೇ ದಿನವೂ ಹಾಗೇ. ಮೂರನೇ ದಿನ ನರಸಿಂಹಮೂರ್ತಿಯವರು ಒಂದು ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತ ನಿಂತಿದ್ದನ್ನು ಬಾಲ್ಕನಿಯಿಂದ ನೋಡಿದೆ. ಮೆಕ್ಯಾನಿಕ್ಕು ಬಂದು ಬಿಚ್ಚಿ, ಏನೂ ಸಿಗದೆ, ಸಿಗಲಿಲ್ಲ ಎನ್ನಲು ನಾಚಿಕೆಯಾಗಿ ಬೇರಿಂಗ್ ಬದಲಾಯಿಸಿ ಹೋದ. ಇದರಲ್ಲಿ ನನ್ನ ಪಾತ್ರ ಇರಬಹುದೆಂದು ನನ್ನ ತಲೆಗೆ ಒಂಚೂರೂ ಬರಲಿಲ್ಲ. “ಮೋಟರ್ ಹಳೇದಾಯ್ತು ಸಾರ್,” ಎಂದು ನಾನೂ ಅವರ ಜೊತೆ ತಲೆಯಾಡಿಸಿದೆ.

ನಾಲ್ಕನೇ ದಿನ ವಾದ್ಯದ ತೀರಾ ಕೆಳಗಿನ ಸ್ವರ, ಆರು ತಿಂಗಳು ಬರೀ ಗಾಳಿಯಾಗಿ ಬರುತ್ತಿದ್ದದ್ದು, ಅಂದು ತುಂಬಿಕೊಂಡು ಬಂತು. ನಾನು ಕಣ್ಣು ಮುಚ್ಚಿಬಿಟ್ಟೆ. ಮೋಟರ್ ನಿಂತದ್ದು ಗೊತ್ತೇ ಆಗಲಿಲ್ಲ. ಉಸಿರು ತೆಗೆದುಕೊಳ್ಳುವುದು, ಮತ್ತೆ ಊದುವುದು. ಹೊರಗೆ ಬಸಪ್ಪ ಸ್ವಿಚ್ ಆರಿಸಿ, ಸದ್ದು ನಿಲ್ಲದ್ದನ್ನು ಕೇಳಿ, ಇನ್ನೊಮ್ಮೆ ಆರಿಸಿ, ಮೇನ್ ಕೂಡ ತೆಗೆದು, ಕೊನೆಗೆ ಚಪ್ಪಲಿ ಬಿಟ್ಟು ಓಡಿದನಂತೆ. ಮೆಟ್ಟಿಲಲ್ಲಿ ಅವನ ಕೂಗು ಮಾತ್ರ ನನಗೆ ಕೇಳಿಸಿತು.

“ಸರ! ಮೋಟರ್ ಬಂದ್ ಮಾಡೀನ್ರಿ! ಕರೆಂಟ್ ಸೈತ ತಗದೀನಿ! ಆದ್ರೂ ಓಡಾಕತ್ತೇತ್ರಿ ಸರ!”

ಕದ ತೆಗೆದವರು ನರಸಿಂಹಮೂರ್ತಿ. ಹಿಂದೆ ಬಸಪ್ಪ, ಅವನ ಹಿಂದೆ ಟವೆಲ್ ಸುತ್ತಿಕೊಂಡ ಇಬ್ಬರು. ಕೊರಳಲ್ಲಿ ಹಿತ್ತಾಳೆಯ ಆನೆ ಕಟ್ಟಿಕೊಂಡು ನಾನು. ಬಸಪ್ಪ, “ನೀವೇನ್ರಿ ಸರ ಒಳಗ? ನಾ ಏನೋ ಗಾಳಿ ಸೇರೇತಿ ಅಂತ ಮಾಡಿದ್ನಿ,” ಎಂದು ಎದೆ ನೀವಿಕೊಂಡ.

ಅಂದು ಭಾನುವಾರ, ಆವತ್ತೇ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಆಯಿತು. ಅಜೆಂಡಾದಲ್ಲಿ ನಾನೊಬ್ಬನೇ. ನರಸಿಂಹಮೂರ್ತಿಯವರು ಕೆಟ್ಟವರಲ್ಲ, ಅದೇ ಕಷ್ಟ.

“ನೋಡಿ ಸಾರ್, ಸಂಗೀತಕ್ಕೆ ನಮ್ದೇನೂ ಅಡ್ಡಿ ಇಲ್ಲ. ನಮ್ಮಮ್ಮಾನೇ ನಲವತ್ತು ವರ್ಷ ವೀಣೆ ಪಾಠ ಹೇಳಿದೋರು. ನೀವು ಕೊಳಲು ನುಡಿಸಿ, ಹಾರ್ಮೋನಿಯಂ ನುಡಿಸಿ, ಯಾರಾದ್ರೂ ಕೇಳ್ತಾರಾ? ಆದ್ರೆ ಇದು…” ಎಂದು ಪದ ಹುಡುಕಿ, ಸಿಗದೆ, ಕೈಯನ್ನು ನೆಲದ ಕಡೆ ತೋರಿಸಿದರು. ಎಲ್ಲರೂ ಅರ್ಥವಾದವರಂತೆ ತಲೆಯಾಡಿಸಿದರು. ಕಟ್ಟಡದ ಒಳಗೆ ಇನ್ನು ಮುಂದೆ ಆ ವಾದ್ಯ ಬೇಡ ಎಂದಾಯಿತು. ನಾನು ‘ಸರಿ ಸಾರ್’ ಎಂದೆ. ಮೂರು ದಿನ ಅವರ ತಲೆಯ ಮೇಲೆ ಸೋಪು ಒಣಗಿಸಿದವನು ಇನ್ನೇನು ಹೇಳಲಿ!

ಬೇರೆ ದಾರಿಗಳನ್ನೂ ನೋಡಿದೆ. ಕಾರಿನೊಳಗೆ ಕೂತು ನುಡಿಸೋಣವೆಂದರೆ ವಾದ್ಯ ಕೂತರೆ ನಾನು ಹೊರಗೆ, ನಾನು ಕೂತರೆ ವಾದ್ಯ ಹೊರಗೆ. ನನ್ನ ಹಲ್ಲಿನ ಅಂಗಡಿಯಲ್ಲಿ ನುಡಿಸೋಣವೆಂದರೆ ಪಕ್ಕದಲ್ಲೇ ಕ್ಲಿನಿಕ್ಕು. ಹಲ್ಲು ಕೀಳಿಸಿಕೊಳ್ಳಲು ಕೂತವರ ಪಾಡೇನು? ವಾದ್ಯದ ಅಗಲ ಬಾಯೊಳಗೆ ದಿಂಬು ತುರುಕಿದರೆ ಸೀನು ತಡೆದವನ ಹಾಗೆ ಒದ್ದಾಡಿತು. ಕೊನೆಗೆ ಮುನಿರಾಜು ಮಾಸ್ಟರಿಗೆ ಫೋನ್ ಮಾಡಿದೆ.

“ಒಳ್ಳೇ ಟೈಮಿಗೆ ಮಾಡಿದ್ರಿ ಸಾರ್. ಯಾವುದೋ ಸ್ಕೂಲ್ ಬ್ಯಾಂಡ್‌ನೋರು ಕೇಳ್ತಿದಾರೆ. ಶನಿವಾರ ಹತ್ತು ಗಂಟೆಗೆ ಬರ್ತಾರೆ, ಅಷ್ಟೊತ್ತಿಗೆ ತಂದ್ಬಿಡಿ.”

ಶನಿವಾರ ಎಂದರೆ ಇನ್ನು ಐದು ದಿನ. ಪೆಟ್ಟಿಗೆ ಮಂಚದ ಪಕ್ಕದಲ್ಲೇ ಇತ್ತು. ದಿನಾ ಬೆಳಿಗ್ಗೆ ಆರಕ್ಕೆ ಕೆಳಗೆ ಮೋಟರ್ ಶುರುವಾದರೆ ನನಗೆ ಎಚ್ಚರವಾಗುತ್ತಿತ್ತು, ಏಳಲು ಮನಸ್ಸಾಗುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ತುಂಬ ದುಃಖವಾಗಿತ್ತು. ನುಡಿಸುವುದರಲ್ಲಿ ನಾನೇನೂ ದೊಡ್ಡವನಲ್ಲ. ಆದರೆ ಬಾಳಿನಲ್ಲಿ ನನಗೇ ಅಂತ ಬೇಕು ಅನಿಸಿ ತಂದುಕೊಂಡದ್ದು ಅದೊಂದೇ. ವಸಂತಾ ಗೊಂಬೆಗಳನ್ನು ಮತ್ತೆ ಸಾಲಾಗಿ ಇಟ್ಟಳು. ಖುಷಿಯಾಗಿ ಇಟ್ಟಳು ಎನ್ನಲಾರೆ. ಗುರುವಾರ ಕಾಫಿ ಕೊಡುತ್ತ, “ಒಂದ್ಸಲ ಮೆತ್ತಗೆ ನುಡಿಸಿ ಬೇಕಾದ್ರೆ. ನಾನ್ ಮಿಕ್ಸಿ ಹಾಕ್ತೀನಿ,” ಎಂದಳು. ನಾನು ಬೇಡವೆಂದೆ.

ಶನಿವಾರ ಒಂಬತ್ತು ಗಂಟೆ. ಪೆಟ್ಟಿಗೆಯನ್ನು ಬಾಗಿಲ ಬಳಿ ತಂದಿಟ್ಟು ಆಟೊ ಬುಕ್ ಮಾಡಬೇಕು, ಅಷ್ಟರಲ್ಲಿ ಬೆಲ್ ಆಯಿತು. ನರಸಿಂಹಮೂರ್ತಿಯವರು. ಅವರ ತೋಳು ಹಿಡಿದು ಅವರ ತಾಯಿ ರುಕ್ಮಿಣಮ್ಮ. ಮೋಟರ್ ರೂಮಿನ ನೇರ ಮೇಲಿನ ಮನೆಯವರು. ಎಂಬತ್ತು ದಾಟಿದೆ, ಕಿವಿ ಕೇಳುವುದಿಲ್ಲ, ಕಿವಿಗೆ ಮಿಷಿನ್ ಹಾಕುತ್ತಾರೆ. ನನ್ನನ್ನು ನೋಡಿ ನಕ್ಕರು. ಆ ಸೆಟ್ಟು ನಾನೇ ಕಟ್ಟಿದ್ದು, ಅದರ ಬಗ್ಗೆ ನನಗೆ ಅಭಿಮಾನವಿದೆ.

“ಸಾರ್, ಒಂದು ವಿಷ್ಯ ಕೇಳ್ಬೇಕಿತ್ತು,” ಎಂದು ನರಸಿಂಹಮೂರ್ತಿಯವರು ಕೂತರು. ಮುಖ ಬೆವರಿತ್ತು. “ಅಮ್ಮ ಎಷ್ಟೋ ತಿಂಗಳಿಂದ, ದಿನಾ ಬೆಳಿಗ್ಗೆ ಯಾರೋ ಸಂಗೀತ ನುಡಿಸ್ತಾರೆ ಅಂತಿದ್ರು. ನಾವು ಎದುರಿಗೆ ನಿಂತು ಕೂಗಿದ್ರೇನೇ ಕೇಳ್ಸಲ್ಲ ಅವ್ರಿಗೆ. ನಂಗೆ ಭಯ ಆಯ್ತು. ವಯಸ್ಸಾದ್ಮೇಲೆ ತಲೆಗೆ ಏನೋ ಆಗುತ್ತಲ್ಲ, ಹಂಗೇನೋ ಅಂತ ಡಾಕ್ಟ್ರಿಗೆ ತೋರಿಸ್ದೆ. ಮಾತ್ರೆ ಬರ್ಕೊಟ್ರು. ಹೋದ ಭಾನ್ವಾರದಿಂದ ಶುರು ಮಾಡಿದ್ವಿ.”

“ಭಾನುವಾರ ಮೀಟಿಂಗ್ ಆಗಿದ್ದಲ್ವಾ?” ಎಂದಳು ವಸಂತಾ.

“ಹೌದು ಮೇಡಂ. ಸೋಮವಾರದಿಂದ ಸಂಗೀತ ನಿಂತೋಯ್ತು! ಮಾತ್ರೆ ಕೆಲ್ಸ ಮಾಡ್ತು ಅಂತ ನಾವೆಲ್ಲ ಖುಷಿಪಟ್ವಿ. ಅಮ್ಮ ಮಾತ್ರ ಊಟಾನೇ ಸರಿಯಾಗ್ ಮಾಡ್ಲಿಲ್ಲ. ಇವತ್ತು ಬೆಳಿಗ್ಗೆ ನೋಡಿದ್ರೆ ಮಾತ್ರೆ ಎಲ್ಲ ತುಳಸಿ ಕುಂಡದಲ್ಲಿ ಬಿದ್ದಿವೆ. ‘ನಂಗೆ ಈ ಮಾತ್ರೆ ಬೇಡ, ನನ್ ಮೋಹನ ವಾಪಸ್ ಕೊಡ್ಸು’ ಅಂತ ಅಳ್ತಾ ಕೂತಿದಾರೆ.”

“ಆದ್ರೆ ಸಾರ್, ನಾನು ನುಡಿಸೋದು ನಿಮ್ಗೆ ಗೊತ್ತಿತ್ತಲ್ಲ? ಮೀಟಿಂಗ್ ಮಾಡಿದ್ದೇ ನೀವು!”

ನರಸಿಂಹಮೂರ್ತಿಯವರು ನೆಲ ನೋಡಿದರು. “ತಪ್ಪು ತಿಳ್ಕೋಬೇಡಿ ಸಾರ್. ಅಮ್ಮ ಅಂದಿದ್ದು ಸಂಗೀತ. ನಿಮ್ದು ಸಂಗೀತ ಅಂತ ನಂಗೆ ಹೊಳೀಲೇ ಇಲ್ಲ.”

ವಸಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಪೆಟ್ಟಿಗೆ ಬಿಚ್ಚಿದೆ. ರುಕ್ಮಿಣಮ್ಮನವರು ವಾದ್ಯವನ್ನು ಮೇಲಿನಿಂದ ಕೆಳಗೆ ನೋಡಿ, ಮೊಮ್ಮಗುವಿನ ತಲೆ ಸವರುವಂತೆ ಒಮ್ಮೆ ಸವರಿದರು. ಆಮೇಲೆ ಕಿವಿಯ ಮಿಷಿನ್ ತೆಗೆದು ಮಗನ ಕೈಗೆ ಕೊಟ್ಟರು.

“ಇದು ಬೇಡ. ಇದ್ರಲ್ಲಿ ಬರೀ ಕಿರುಚೋದೇ ಕೇಳುತ್ತೆ. ನನ್ ಕಿವಿಯಿಂದ ಮೇಲಿನ ಸ್ವರ ಎಲ್ಲ ಹೋಯ್ತಪ್ಪ, ಹತ್ತು ವರ್ಷ ಆಯ್ತು. ವೀಣೆ ಮೀಟಿದ್ರೆ ತಂತಿ ಅಲ್ಲಾಡೋದು ಕಾಣುತ್ತೆ, ನಾದ ಇಲ್ಲ. ಅದಕ್ಕೇ ಮುಚ್ಚಿಟ್ಟೆ. ಬೆಳಿಗ್ಗೆ ಮೋಟರ್ ಮಾತ್ರ ಸ್ವಲ್ಪ ಕೇಳೋದು. ಅದು ಒಂದಿನ ಮೋಹನ ಹಿಡೀತು ನೋಡು! ಮೊದಮೊದಲು ನಂಗೂ ಅನುಮಾನಾನೇ. ಆಮೇಲೆ ಏನಾದ್ರಾಗ್ಲಿ ಅಂತ ದಿನಾ ಐದೂವರೆಗೆ ಎದ್ದು ಕಾಲು ನೆಲಕ್ಕೆ ಊರಿ ಕೂತ್ಕೊಳ್ಳೋಕೆ ಶುರುಮಾಡ್ದೆ. ನುಡಿಸು, ಕೇಳ್ತೀನಿ.”

ಮೋಟರ್ ಇಲ್ಲದೆ ನಾನು ಮೋಹನ ನುಡಿಸಿದವನೇ ಅಲ್ಲ. ಷಡ್ಜ ಹಿಡಿದೆ, ರಿಷಭ, ಗಾಂಧಾರ. ಶೋಕೇಸಿನ ಗೊಂಬೆಗಳು ಹೊರಟವು. ರುಕ್ಮಿಣಮ್ಮ ಕಣ್ಣು ಮುಚ್ಚಿ, ತೊಡೆಯ ಮೇಲೆ ಎರಡು ಬೆರಳಲ್ಲಿ ಮೀಟುತ್ತಿದ್ದರು. ಪಂಚಮ ದಾಟಿ ಧೈವತಕ್ಕೆ ಬಂದೆ. ಅವರ ಬೆರಳು ನಿಂತಿತು.

“ಇಳೀತು,” ಎಂದರು. “ಧೈವತ ಇಳೀತು. ಆರು ತಿಂಗಳಿಂದ ಇಳೀತಿದೆ. ಹೇಳೋಣ ಅಂದ್ರೆ, ಮೋಟರಿಗೆ ಹೇಗಪ್ಪಾ ಹೇಳೋದು?”

ನಾವೆಲ್ಲ ನಕ್ಕೆವು. ನರಸಿಂಹಮೂರ್ತಿಯವರು ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಕಣ್ಣು ತುಂಬಿ ಎದುರಿಗೇನೂ ಕಾಣಲಿಲ್ಲ. “ಇನ್ನೊಂದ್ಸಲ,” ಎಂದರು ರುಕ್ಮಿಣಮ್ಮ. ಮತ್ತೆ ನುಡಿಸಿದೆ. “ತಪ್ಪು. ಇನ್ನೊಂದ್ಸಲ. ಕಾಫಿ ಆಮೇಲೆ.”

ಮೇಜಿನ ಮೇಲೆ ನನ್ನ ಫೋನು ಬಡಿದುಕೊಳ್ಳತೊಡಗಿತು. ಹತ್ತು ಗಂಟೆ. ಮಾಸ್ಟರದ್ದೇ ಫೋನು. ನಾನು ನಿಲ್ಲಿಸಿ ಏಳಲು ಹೋದೆ. ಅಷ್ಟರಲ್ಲಿ ವಸಂತಾ ಹಿಟ್ಟಿನ ಕೈಯಲ್ಲೇ ಬಂದು ಎತ್ತಿದಳು.

“ಮಾಸ್ಟ್ರೇ, ನಮಸ್ಕಾರ… ಇಲ್ಲ, ಬರಲ್ಲ. ಅವ್ರು ಪಾಠದಲ್ಲಿದಾರೆ… ಹೂಂ, ಅದೇ, ಆ ದೊಡ್ಡದು… ಇಲ್ಲ ಮಾಸ್ಟ್ರೇ, ಇನ್ನು ಅದು ಮನೇಲೇ ಇರುತ್ತೆ. ಆ ಸ್ಕೂಲ್‌ನೋರಿಗೆ ಬೇರೆ ಏನಾದ್ರೂ ಕೊಡಿ.”

ಫೋನಿನ ಮಾತು ಒಂದೂ ಕೇಳಿಸದ ರುಕ್ಮಿಣಮ್ಮ ನನ್ನ ಮಂಡಿಗೆ ಒಂದು ಪೆಟ್ಟು ಕೊಟ್ಟರು.

“ಯಾಕ್ ನಿಲ್ಲಿಸ್ದೆ? ಧೈವತದಿಂದ ತಗೋ.”

ನಾನು ಹೊಟ್ಟೆತುಂಬ ಉಸಿರು ತೆಗೆದುಕೊಂಡೆ.